ಒಂದೇ ಬುಟ್ಟಿಯ ತೆನೆ

ಚರ್ಚಿನ ಸುವರ್ಣ ಮಹೋತ್ಸವಕ್ಕೆ ಸ್ಮರಣ ಸಂಚಿಕೆ ತರುತ್ತಿದ್ದೇವೆ, ಬಾಯಮ್ಮನವರ ಬಗ್ಗೆ ಎರಡು ಪುಟ ಬರೆದುಕೊಡಿ ಎಂದು ಸಮಿತಿಯವರು ಮನೆಗೇ ಬಂದು ಕೇಳಿದರು. ಸಂಚಿಕೆಯ ವಿಷಯ 'ಐಕ್ಯತೆ ಮತ್ತು ಭರವಸೆ' ಅಂತೆ. ಮುಖಪುಟಕ್ಕೆ ಒಂದನ್ನೊಂದು ಹಿಡಿದುಕೊಂಡ ಎರಡು ಕೈಗಳ ಚಿತ್ರವಂತೆ. ಬಂದವರಲ್ಲಿ ಗುರ್ಕಾರರೂ ಇದ್ದರು. ಗುರ್ಕಾರರೆಂದರೆ ನಮ್ಮ ಕಡೆಯ ಕೊಂಕಣಿ ಕ್ರೈಸ್ತರ ಮುಖಂಡ, ಚರ್ಚಿನ ಯಾವ ಕೆಲಸಕ್ಕೂ ಮುಂದೆ ನಿಲ್ಲುವವರು. ಇವರಿಗೆ ದೊಡ್ಡ ಕಾಫಿ ತೋಟವೂ ಇದೆ, ಆದ್ದರಿಂದ ಮುಂದೆ ನಿಲ್ಲುವುದು ಇನ್ನೂ ಸುಲಭ. "ಒಳ್ಳೆ ಮಾತು ನಾಲ್ಕು ಬರೀರಿ ಮೇಷ್ಟ್ರೆ. ಎಲ್ಲರನ್ನೂ ಒಂದು ಮಾಡಿದ ಹೆಂಗಸು ಅದು" ಎಂದು ಹೇಳಿ, ನನ್ನ ಮನೆಯ ಕಾಫಿಗೆ ಚಿಕೋರಿ ಜಾಸ್ತಿಯಾಯಿತೆಂದು ಮುಖ ಹಿಂಡಿಕೊಂಡು ಕುಡಿದು ಹೋದರು.

ಬರೆದುಕೊಟ್ಟೆ. ವಾರದೊಳಗೆ ವಾಪಸು ಬಂತು. 'ಸಿಟ್ಟು ಸ್ವಲ್ಪ ಹೆಚ್ಚಾಗಿದೆ, ಹಬ್ಬದ ಸಂಚಿಕೆಗೆ ತಕ್ಕ ಹಾಗೆ ತಿದ್ದಿಕೊಡಿ' ಎಂದು ಹೇಳಿ ಕಳಿಸಿದ್ದರು. ನಾನು ತಿದ್ದಲಿಲ್ಲ. ಅಂಥಾ ಹೆಂಗಸಿನ ಬಗ್ಗೆ ಸಿಟ್ಟಿಲ್ಲದೆ ಬರೆದರೆ ಅದು ಬೇರೆ ಯಾರದೋ ಚಿತ್ರವಾಗುತ್ತದೆ. ಇದು ಆ ಬರಹವೇ. ಆಮೇಲೆ ನಡೆದದ್ದನ್ನೂ ಸೇರಿಸಿದ್ದೇನೆ.

ನಾನು ಹಾಸನದ ಕಡೆಯವನು, ಮನೆಮಾತು ಕನ್ನಡ. ತೊಂಬತ್ತರ ದಶಕದ ಮೊದಲಲ್ಲಿ ಈ ಚರ್ಚಿನ ಶಾಲೆಗೆ ಮೇಷ್ಟ್ರಾಗಿ ಬಂದೆ. ಆಲ್ದೂರಿನಲ್ಲಿ ಬಸ್ಸಿಳಿದು, ಇನ್ನೊಂದು ಬಸ್ಸಿಗೆ ಕಾದು ಕಾದು ಸಾಕಾಗಿ, ಮಲ್ಲಂದೂರಿನ ಕಡೆಗೆ ಹೋಗುವ ಒಂದು ಜೀಪಿನ ಹಿಂದೆ ನೇತಾಡಿಕೊಂಡು ಬಂದಿಳಿದೆ. ಚರ್ಚಿನ ದಾರಿ ಕೇಳಲು ಯಾರೂ ಇರಲಿಲ್ಲ. ರಸ್ತೆಯ ಕೆಳಗಿನ ಸಣ್ಣ ಗದ್ದೆಯಲ್ಲಿ ಒಬ್ಬ ಹೆಂಗಸು ಕಂಬಳಿ ಕೊಪ್ಪೆ ಹಾಕಿಕೊಂಡು, ಸೀರೆ ಎತ್ತಿಕಟ್ಟಿ, ಮೊಣಕಾಲವರೆಗೆ ಕೆಸರಿನಲ್ಲಿ ನಿಂತಿದ್ದರು. ವಯಸ್ಸು ಅರವತ್ತರ ಹತ್ತಿರ. ದಾರಿ ಕೇಳಿದೆ. ಅವರು ನನ್ನ ಕತ್ತಿನ ಶಿಲುಬೆಯನ್ನು ನೋಡಿ, ದಾರಿ ಹೇಳುವುದು ಬಿಟ್ಟು, "ನೀವು ಏಳು ಗಂಟೆಯವ್ರಾ, ಹನ್ನೊಂದು ಗಂಟೆಯವ್ರಾ?" ಎಂದು ಕೇಳಿದರು.

ನನಗೆ ಅರ್ಥವಾಗಲಿಲ್ಲ. "ಬಸ್ಸಾ?" ಎಂದೆ.

"ಬಸ್ಸಲ್ಲ ಮಾರಾಯ್ರೆ, ಪೂಜೆ! ಕೊಂಕಣಿಯವ್ರು ಏಳು ಗಂಟೆಗೆ ಹೋಗ್ತಾರೆ. ಲೈನಿನ ತಮಿಳ್ರು ಹನ್ನೊಂದಕ್ಕೆ. ಕನ್ನಡದವ್ರಿಗೆ ದೇವರು ಯಾವ ಟೈಮು ಇಟ್ಟಿದ್ದಾನೋ ನಂಗೆ ಗೊತ್ತಿಲ್ಲ."

ಅವರು ಕೊಂಕಣಿ ಮನೆತನದವರೇ. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಗಂಡ ತೀರಿಕೊಂಡ ಮೇಲೆ ಎರಡೆಕರೆ ಕಾಫಿ, ಈ ಒಂದು ಪಟ್ಟೆ ಗದ್ದೆ ಇಷ್ಟನ್ನು ಇಟ್ಟುಕೊಂಡು ಒಬ್ಬರೇ ಇದ್ದರು. ಮಕ್ಕಳಿರಲಿಲ್ಲ. ಊರಿಗೆಲ್ಲ ಬಾಯಮ್ಮ. ಕೊಂಕಣಿಯವರು ಹಿರಿಯ ಹೆಂಗಸನ್ನು ಬಾಯಿ ಎಂದು ಕರೆದರೆ, ತೋಟಗಳ ಲೈನಿನಲ್ಲಿ, ಅಂದರೆ ಸಾಲುಮನೆಗಳಲ್ಲಿ ಇರುವ ಕೂಲಿ ಹೆಂಗಸರು ಅದಕ್ಕೊಂದು ಅಮ್ಮ ಸೇರಿಸಿದ್ದರು. ಬಾಯಿಗೆ ತಕ್ಕ ಬಾಯಿಯೂ ಇತ್ತು. ಕಾಫಿ ಕೊಳ್ಳಲು ಬಂದ ವ್ಯಾಪಾರಿ, ಕರೆಂಟಿನವನು, ಚರ್ಚಿನ ಫಾದರ್, ಗದ್ದೆಗಿಳಿದ ಗಿಳಿ, ಎಲ್ಲರಿಗೂ ಒಂದೇ ದನಿಯಲ್ಲಿ ಬೈಗುಳ. ಗಿಳಿಗಳು ಮಾತ್ರ ಹಾರಿಹೋಗುತ್ತಿದ್ದವು, ಉಳಿದವರು ನಿಂತು ಕೇಳಬೇಕಾಗಿತ್ತು.

ಆ ಗದ್ದೆಯ ಸಂಗತಿ ಹೇಳಬೇಕು. ಸೆಪ್ಟೆಂಬರ್ ಎಂಟು ಮಾತೆ ಮರಿಯಮ್ಮನ ಹುಟ್ಟುಹಬ್ಬ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿಯವರಿಗೆ ಅದು ತೆನೆ ಹಬ್ಬ. ಒಂಬತ್ತು ದಿನ ಮಕ್ಕಳು ಮಾತೆಯ ಮುಂದೆ ಹೂವು ಹಾಕುತ್ತಾರೆ. ಇಲ್ಲಿಯ ಮಳೆಗೆ ಬೇರೆ ಹೂವು ಎಲ್ಲಿ, ಎಲ್ಲ ಡೇರೆ ಹೂವೇ. ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಫಾದರ್ ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಆ ಕಾಳನ್ನು ಸುಲಿದು ಪಾಯಸಕ್ಕೆ ಹಾಕಿ, ಮನೆಯವರೆಲ್ಲ ಸುತ್ತ ಕೂತು, ಮೀನು ಮಾಂಸವಿಲ್ಲದ ಊಟ ಮಾಡುತ್ತಾರೆ. ಕರಾವಳಿಯಲ್ಲಿ ಆ ಹೊತ್ತಿಗೆ ತೆನೆ ಬಂದಿರುತ್ತದೆ. ನಮ್ಮ ಮಲೆನಾಡಿನಲ್ಲಿ ಆಗಿನ್ನೂ ಗದ್ದೆ ನೆಟ್ಟು ಕೈ ತೊಳೆದಿರುತ್ತಾರೆ ಅಷ್ಟೆ. ಬಾಯಮ್ಮ ಒಬ್ಬರು ಮಾತ್ರ, ಮುಂಗಾರಿಗೆ ಮೊದಲಿನ ಅಡ್ಡ ಮಳೆ ಬಿದ್ದ ಕೂಡಲೇ ಒರತೆಯ ಪಕ್ಕದ ಆ ಪಟ್ಟೆಯಲ್ಲಿ ಬೇಗ ಬರುವ ಒಂದು ಭತ್ತ ಹಾಕಿ, ಇಡೀ ಮಳೆಗಾಲ ಅದನ್ನು ಕೊಳೆಯದಂತೆ, ಮಲಗದಂತೆ, ಹಕ್ಕಿ ತಿನ್ನದಂತೆ ಕಾಯುತ್ತಿದ್ದರು. ಸುತ್ತಲಿನ ಗದ್ದೆಗಳೆಲ್ಲ ಹಸಿರಾಗಿದ್ದಾಗ ಅವರದೊಂದು ಹಳದಿಯಾಗಿ ನಿಂತಿರುತ್ತಿತ್ತು. ಇಡೀ ಊರಿನ ಹಬ್ಬ ಆ ಪಟ್ಟೆಯ ಮೇಲೆ ನಿಂತಿತ್ತು.

ಕಾಯುವುದಕ್ಕೆ ಅವರ ಜೊತೆಗಿದ್ದವಳು ಅರುಳ್‌ಮೇರಿ. ಗುರ್ಕಾರರ ತೋಟದ ಲೈನಿನವಳು. ಅಪ್ಪ ಅಮ್ಮ ತಮಿಳುನಾಡಿನಿಂದ ಬಂದವರು, ಇವಳು ಹುಟ್ಟಿದ್ದು ಇಲ್ಲೇ. ತೋಟದ ಕೆಲಸ ಮುಗಿಸಿ ಬಂದು ಬಾಯಮ್ಮನ ಗದ್ದೆ ನೆಡುವುದು, ಕಳೆ ಕೀಳುವುದು, ಡಬ್ಬ ಬಡಿದು ಗಿಳಿ ಓಡಿಸುವುದು. ಅವಳ ಜನಕ್ಕೂ ಸೆಪ್ಟೆಂಬರ್ ಎಂಟು ಹಬ್ಬವೇ, ಆರೋಗ್ಯ ಮಾತೆಯ ಹಬ್ಬ. ಬಾವುಟ ಏರಿಸಿ, ಕಾವಿ ಸೀರೆ ಉಟ್ಟು ಹರಕೆ ತೀರಿಸುತ್ತಾರೆ. ಅದೇ ತಾಯಿ, ಅದೇ ದಿನ, ಅದೇ ಚರ್ಚು. ಆದರೆ ಏಳು ಗಂಟೆಯ ಪೂಜೆ ಮುಗಿದ ಕೂಡಲೇ ಪೀಠದ ಮುಂದಿನ ಕೆಂಪು ರತ್ನಗಂಬಳಿಯನ್ನು ಸುತ್ತಿ ಒಳಗಿಡುತ್ತಿದ್ದರು. ಹನ್ನೊಂದು ಗಂಟೆಯವರ ಕಾಲಲ್ಲಿ ಕೆಸರಿರುತ್ತದಂತೆ. ಏಳು ಗಂಟೆಯವರು ಯಾವ ಮೋಡದ ಮೇಲೆ ನಡೆದು ಬರುತ್ತಿದ್ದರೋ ನನಗೆ ಈವತ್ತಿಗೂ ತಿಳಿದಿಲ್ಲ.

ನಾನು ಬಂದ ವರ್ಷವೇ ಅದು ನಡೆದದ್ದು. ಆ ಸೆಪ್ಟೆಂಬರಿನಲ್ಲಿ ಅರುಳ್‌ಮೇರಿ ಏಳು ಗಂಟೆಯ ಪೂಜೆಗೆ ಬಂದು ಹಿಂದೆ ನಿಂತಳು. ಪೂಜೆ ಮುಗಿದು ಗುರ್ಕಾರರು ತೆನೆ ಹಂಚುವಾಗ ಸಾಲಿನಲ್ಲಿ ಬಂದು ಎರಡೂ ಕೈ ಒಡ್ಡಿದಳು. ಗುರ್ಕಾರರು ಬುಟ್ಟಿಯನ್ನು ಪಕ್ಕಕ್ಕೆ ಸರಿಸಿಕೊಂಡು, ಗದರಿಸದೆ, ನಗುನಗುತ್ತಲೇ ಹೇಳಿದರು: "ಇದು ಕುಟುಂಬಗಳಿಗೆ ಕಣಮ್ಮ. ನಿಮ್ದು ಹನ್ನೊಂದು ಗಂಟೆಗಲ್ವಾ?"

ಅವಳ ಉಗುರಿನ ಸಂದಿಯಲ್ಲಿ ಅದೇ ಗದ್ದೆಯ ಕೆಸರಿತ್ತು. ಅವಳು ಕೈ ಸೆರಗಿಗೆ ಒರೆಸಿಕೊಂಡು ಹೊರಗೆ ಹೋದಳು. ನಗುತ್ತ ಹೇಳಿದ್ದರಿಂದ ಯಾರಿಗೂ ಅದು ಅವಮಾನ ಅನಿಸಲಿಲ್ಲ. ಬೆಂಚಿನಲ್ಲಿ ಕೂತವರೆಲ್ಲ ಪಾಯಸದ ಬೆಲ್ಲದ ಯೋಚನೆಯಲ್ಲಿದ್ದರು.

ಬಾಯಮ್ಮ ಎದ್ದು ನಿಂತರು. ತಮ್ಮ ಕೈಯಲ್ಲಿದ್ದ ತೆನೆಯನ್ನು ವಾಪಸು ಬುಟ್ಟಿಗೆ ಹಾಕಿ, "ಗುರ್ಕಾರ್ರೆ, ನಂಗೂ ಕುಟುಂಬ ಇಲ್ಲ, ಒಬ್ಳೇ ಇರೋದು. ಇದನ್ನೂ ಇಟ್ಕೊಳ್ಳಿ" ಎಂದರು. ಅಷ್ಟೇ. ಬೈಯಲಿಲ್ಲ. ಅವರು ಬೈಯದೆ ಇದ್ದದ್ದನ್ನು ನೋಡಿ ನಾನು ಹೆದರಿದೆ. ಮೆಟ್ಟಿಲಿಳಿಯುವಾಗ, ಸುತ್ತಲಿನವರಿಗೂ ಕೇಳುವಂತೆ ನನ್ನ ಹತ್ತಿರ ಹೇಳಿದರು, "ಮುಂದಿನ ವರ್ಷ ತೆನೆ ಬೇಕಾದ್ರೆ ಒಂದೇ ಪೂಜೆ, ಒಂದೇ ಬುಟ್ಟಿ. ಇಲ್ಲಾಂದ್ರೆ ನನ್ನ ಗದ್ದೆ ತೆನೆ ನನ್ನ ಕೋಳಿ ತಿಂತವೆ."

ಯಾರೂ ನಂಬಲಿಲ್ಲ. ಮರುವರ್ಷ ತೆನೆ ಬಂತು, ಹಳದಿಯಾಯಿತು. ಹಬ್ಬಕ್ಕೆ ಮೂರು ದಿನವಿರುವಾಗ ಗುರ್ಕಾರರು ಅವರ ಮನೆಗೆ ಹೋದರು. ಬಾಯಮ್ಮ ಅವರನ್ನು ಕೂರಿಸಿ, ಕಾಫಿ ಕೊಟ್ಟು, ಒಂದೇ ಮಾತು ಕೇಳಿದರು: "ಒಂದು ಬುಟ್ಟಿಯಾ, ಎರಡಾ?" ಗುರ್ಕಾರರು ಪದ್ಧತಿ, ಹಿರಿಯರು, ಭಾಷೆ ಎಂದೆಲ್ಲ ಹೇಳಿದರು. ಬಾಯಮ್ಮ ಲೋಟ ಎತ್ತಿಕೊಂಡು ಒಳಗೆ ಹೋದರು. ಗುರ್ಕಾರರು ಎದ್ದು ಬಂದರು.

ಆಮೇಲೆ ನಡೆದದ್ದನ್ನು ಸಂಚಿಕೆಯಲ್ಲಿ ಯಾರೂ ಬರೆಯುವುದಿಲ್ಲ, ಆದ್ದರಿಂದ ನಾನು ಬರೆಯಲೇಬೇಕು. ಕರಾವಳಿಯಿಂದ ತೆನೆ ತರಿಸುವುದೆಂದು ತೀರ್ಮಾನವಾಯಿತು. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್. ಗುರ್ಕಾರರ ಜೀಪು ಕಳಸ, ಸಂಸೆ ಸುತ್ತಿಕೊಂಡು ಕುದುರೆಮುಖದ ಮೇಲೆ ಘಟ್ಟ ಇಳಿದು, ಹಬ್ಬದ ಹಿಂದಿನ ದಿನ ತೆನೆ ಹೇರಿಕೊಂಡು ಬಂತು. ಬಂದದ್ದು ಬಂತು, ಮಳೆಗೆ ಪೂರ್ತಿ ನೆನೆದು ಬಂತು. ಭತ್ತದ ವಿಚಾರ ಅವರಿಗೇನು ಗೊತ್ತು, ಅವರು ಕಾಫಿ ಏಲಕ್ಕಿಯವರು. ಒದ್ದೆಯಾದದ್ದನ್ನು ಏನು ಮಾಡುತ್ತಾರೆ? ಏಲಕ್ಕಿ ಒಣಗಿಸುವ ಕೋಣೆಯಲ್ಲಿ, ಒಲೆಯ ಬಿಸಿಯಲ್ಲಿ, ಏಲಕ್ಕಿಯ ಪಕ್ಕದಲ್ಲೇ ತೆನೆಯನ್ನೂ ಹರಡಿದರು. ಬೆಳಿಗ್ಗೆ ನೋಡಿದರೆ ಬಹಳ ಚೆನ್ನಾಗಿ ಒಣಗಿತ್ತು. ಮೆಲ್ಲನೆ ಎತ್ತಿ ಬುಟ್ಟಿಗೆ ಜೋಡಿಸಿ, ಮೇಲೆ ಡೇರೆ ಹೂವಿಟ್ಟು, ಮೆರವಣಿಗೆಯಲ್ಲಿ ತಂದರು.

ಫಾದರ್ ಆಶೀರ್ವಾದ ಮಾಡಿ ಬುಟ್ಟಿಯನ್ನು ಮೇಲೆತ್ತಿದರು ನೋಡಿ, ಕಾಳೆಲ್ಲ ಜರ್ರೆಂದು ಉದುರಿತು. ಫಾದರ್ ತಲೆಯ ಮೇಲೆ, ಕೆಂಪು ರತ್ನಗಂಬಳಿಯ ಮೇಲೆ. ಬುಟ್ಟಿಯಲ್ಲಿ ಉಳಿದದ್ದು ಹುಲ್ಲು. ಆದರೂ ಹಂಚಿದರು. ಒಬ್ಬೊಬ್ಬರೂ ಭಕ್ತಿಯಿಂದ ಎರಡೂ ಕೈಯೊಡ್ಡಿ ಒಂದೊಂದು ಹಿಡಿ ಹುಲ್ಲು ತೆಗೆದುಕೊಂಡು ಹೋದರು. ಘಮ್ಮೆಂದು ಏಲಕ್ಕಿ ವಾಸನೆ ಮಾತ್ರ ಇತ್ತು. ಹಿಂದಿನ ಬೆಂಚಿನಲ್ಲಿ ಬಾಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಡುಗುತ್ತಿದ್ದರು. ಅಳುತ್ತಿದ್ದಾರೆಂದು ಪಕ್ಕದವರು ಸಮಾಧಾನ ಮಾಡಿದರು. ಹೊರಗೆ ಬಂದ ಮೇಲೆ ನನ್ನ ತೋಳು ಹಿಡಿದುಕೊಂಡು, "ಅಯ್ಯೋ ಮೇಷ್ಟ್ರೆ, ಪಾಯಸಕ್ಕೆ ಏಲಕ್ಕಿ ಹಾಕೋ ಕೆಲಸ ಉಳೀತು ಅವ್ರಿಗೆ" ಎಂದು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಅವರು ನಕ್ಕದ್ದು ನಾನು ನೋಡಿದ್ದು ಆ ಒಂದು ಸಲ.

ಅದರ ಮುಂದಿನ ವರ್ಷ ಸಮಿತಿ ಸೋತಿತು. ಗುರ್ಕಾರರ ಮನಸ್ಸು ಬದಲಾಯಿತೆಂದು ಸುಳ್ಳು ಹೇಳಲಾರೆ, ಹುಲ್ಲು ಹಂಚಿದ ನಾಚಿಕೆ ಕಾಡುತ್ತಿತ್ತು. ಹೊಸದಾಗಿ ಬಂದಿದ್ದ ಫಾದರ್ ಕೂಡ ಬಾಯಮ್ಮನ ಕಡೆಯೇ ಇದ್ದರು. ಒಂಬತ್ತು ಗಂಟೆಗೆ ಒಂದೇ ಪೂಜೆ, ಪ್ರಾರ್ಥನೆ ಕನ್ನಡದಲ್ಲಿ, ಹಾಡು ಕೊಂಕಣಿಯಲ್ಲೊಂದು ತಮಿಳಿನಲ್ಲೊಂದು. ಹಾಡಿಸುವ ಕೆಲಸ ನನ್ನದು. ರತ್ನಗಂಬಳಿಯನ್ನು ಸುತ್ತಲಿಲ್ಲ, ಅದು ಕೆಸರಾಯಿತು, ಯಾರೂ ಸಾಯಲಿಲ್ಲ. ಬುಟ್ಟಿ ಹಿಡಿದು ನಿಂತವಳು ಅರುಳ್‌ಮೇರಿ. ಬಾಯಮ್ಮನ ಷರತ್ತಿನಲ್ಲಿ ಅದೂ ಇತ್ತು. ಗುರ್ಕಾರರು ಅವಳ ಕೈಯಿಂದಲೇ ತೆನೆ ತೆಗೆದುಕೊಳ್ಳಬೇಕಾಯಿತು. ಒಂದೇ ಕೈ ಚಾಚಿ, ಬೇರೆ ಎಲ್ಲೋ ನೋಡುತ್ತ ತೆಗೆದುಕೊಂಡರು.

ಪೂಜೆ ಮುಗಿದು ಜನ ಮೆಟ್ಟಿಲಿಳಿಯುವಾಗ ಬಾಯಮ್ಮ ಮೇಲಿಂದ ಕೂಗಿದರು: "ಪೂರ್ತಿ ತಿನ್ಬೇಡಿ! ನಾಲ್ಕು ಕಾಳು ಬೀಜಕ್ಕಿಡಿ!" ಆ ಮೇಲೆ ಪ್ರತಿ ವರ್ಷವೂ ಕೂಗಿದರು. ಎಷ್ಟೋ ಮನೆಯವರಿಗೆ ಗದ್ದೆಯೇ ಇರಲಿಲ್ಲ, ಲೈನಿನವರಿಗೆ ಮನೆಯ ಮುಂದೆ ಒಂದು ಗೇಣು ಜಾಗವೂ ಇಲ್ಲ. ಬೀಜ ಇಟ್ಟು ಮಾಡುವುದೇನು ಎಂದು ನಾನೊಮ್ಮೆ ಕೇಳಿದೆ. "ಇಟ್ಟಿರ್ಲಿ ಮೇಷ್ಟ್ರೆ. ಇಟ್ಟವ್ರಿಗೆ ಮಳೆ ಬಿದ್ದಾಗ ನೆನಪಾಗ್ತದೆ. ನಾನು ಹೋದ ಮೇಲೆ ಎಂತ, ಮತ್ತೆ ಹುಲ್ಲು ಹಂಚ್ತೀರಾ?" ಎಂದರು. ಸಂಚಿಕೆಯವರಿಗೆ ಭರವಸೆ ಎಂಬುದರ ಅರ್ಥ ಬೇಕಿದ್ದರೆ ಇದನ್ನು ಹಾಕಿಕೊಳ್ಳಲಿ. ಅವರು ಅದನ್ನು ಮೆದುವಾಗಿ ಹೇಳಿದ್ದೇ ಇಲ್ಲ, ಗಂಟಲು ಹರಿಯುವಂತೆ ಕೂಗಿಯೇ ಹೇಳಿದ್ದು.

ಹೀಗೆ ಹತ್ತು ಹನ್ನೆರಡು ವರ್ಷ ನಡೆಯಿತು. ಅಷ್ಟಕ್ಕೇ ಬಾಯಮ್ಮ ಸುಮ್ಮನಾಗುವವರಲ್ಲ. ಊರಿನ ಕೆಳಗೆ, ಆಲ್ದೂರು ರಸ್ತೆಯಲ್ಲಿ, ಪ್ರೊಟೆಸ್ಟೆಂಟರದೊಂದು ಹೆಂಚಿನ ಪ್ರಾರ್ಥನಾ ಮನೆ ಇತ್ತು. ಕನ್ನಡದ ಬಡ ಕುಟುಂಬಗಳು, ಬಹಳ ಕಡಿಮೆ ಜನ. ಅಲ್ಲಿ ಪ್ರಾರ್ಥನೆ ನಡೆಸುವ ಉಪದೇಶಿಯನ್ನು ಬಾಯಮ್ಮ ಬಸ್ ನಿಲ್ದಾಣದಲ್ಲಿ ಹಿಡಿದು ಹಬ್ಬಕ್ಕೆ ಕರೆದರು. ಪಾಪ, ಮೆತ್ತಗಿನ ಮನುಷ್ಯ. "ನಾವು ಮರಿಯಮ್ಮನವರಿಗೆ ಹಬ್ಬ ಮಾಡೋದಿಲ್ವಲ್ಲ ಬಾಯಮ್ಮ" ಎಂದರು.

"ಮರಿಯಮ್ಮನಿಗೆ ಬೇಡ ಬಿಡಿ. ಅನ್ನ ಉಣ್ತೀರೋ ಇಲ್ವೋ?"

"ಉಣ್ತೇವೆ."

"ಹಂಗಾರೆ ಅನ್ನ ಕೊಟ್ಟೋನಿಗೆ ಒಂದು ಥ್ಯಾಂಕ್ಸ್ ಹೇಳಿ ತೆನೆ ತಗೊಂಡು ಹೋಗಿ. ಅದಕ್ಕೂ ನಿಮ್ಮ ದೊಡ್ಡೋರ ಪರ್ಮಿಶನ್ ಬೇಕಾ?"

ಉಪದೇಶಿ ನಕ್ಕರು, ಆದರೆ ಬರಲಿಲ್ಲ. ಪ್ರತಿ ವರ್ಷ ಕರೆಯುತ್ತಿದ್ದರು, ಅವರು ಪ್ರತಿ ವರ್ಷ ನಗುತ್ತಿದ್ದರು.

ಆಮೇಲೆ ಒಂದು ಆಗಸ್ಟಿನ ಕೊನೆಯಲ್ಲಿ ಯಾರೋ ಆ ಪ್ರಾರ್ಥನಾ ಮನೆಗೆ ಕಲ್ಲು ತೂರಿದರು. ಕಿಟಕಿಯ ಗಾಜೆಲ್ಲ ಹೋಯಿತು. ಉಪದೇಶಿಯ ಹಣೆಗೂ ಪೆಟ್ಟಾಯಿತು. ಮರುದಿನ ನಮ್ಮ ಸಮಿತಿ ಸೇರಿತು. ಶಾಲೆಯ ಮೇಷ್ಟ್ರೆಂದು ನಾನೂ ಇದ್ದೆ. ಯಾರನ್ನು ನೋಡಲು ಹೋಗುವುದು, ಏನು ನೆರವು ಕೊಡುವುದು ಎಂಬ ಚರ್ಚೆ ಎಂದುಕೊಂಡು ಹೋಗಿದ್ದೆ. ಅಲ್ಲಿ ನಡೆದ ಚರ್ಚೆ ಬೇರೆ. ನಮ್ಮ ಗೇಟಿಗೆ ಒಂದು ಬೋರ್ಡು ಹಾಕಿಸಬೇಕು, 'ನಮಗೂ ಆಲ್ದೂರು ರಸ್ತೆಯ ಪ್ರಾರ್ಥನಾ ಮನೆಗೂ ಯಾವ ಸಂಬಂಧವೂ ಇಲ್ಲ' ಎಂದು ದೊಡ್ಡ ಅಕ್ಷರದಲ್ಲಿ ಬರೆಸಬೇಕು. ಗುರ್ಕಾರರ ಸಲಹೆ ಅದು. ತಲೆಯಾಡಿಸಿದವರು ಬಹಳ ಜನ. ಹೆದರಿಕೆ ನನಗೂ ಆಗಿತ್ತು. ಹೆದರುವುದಕ್ಕೆ ನಾನು ಯಾರನ್ನೂ ಬೈಯುವುದಿಲ್ಲ. ಆದರೆ ಗಾಯವಾದ ಮನುಷ್ಯನಿಗೆ ಬ್ಯಾಂಡೇಜು ಕಟ್ಟುವ ಮೊದಲೇ ಅವನು ನಮ್ಮವನಲ್ಲ ಎಂದು ಬಣ್ಣದಲ್ಲಿ ಬರೆಸಲು ಹೊರಟರಲ್ಲ, ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಬಾಯಮ್ಮನನ್ನು ಯಾರೂ ಕರೆದಿರಲಿಲ್ಲ. ಹೇಗೋ ಗೊತ್ತಾಗಿ ಬಂದರು. ಆಗಲೇ ವಯಸ್ಸಾಗಿತ್ತು, ಕೋಲು ಹಿಡಿದಿದ್ದರು. ಬಾಗಿಲಲ್ಲೇ ನಿಂತು ಗುರ್ಕಾರರನ್ನು ಕೇಳಿದರು, ಚಿಕ್ಕ ಹುಡುಗನನ್ನು ಕೇಳಿದ ಹಾಗೆ: "ಅಲ್ಲ ಮಾರಾಯ, ಕಲ್ಲು ಹೊಡೆಯೋರು ಬೋರ್ಡು ಓದ್ಕೊಂಡು ಹೊಡೀತಾರಾ?"

"ಬಾಯಿ, ನಿಮಗೆ ಗೊತ್ತಾಗೋದಿಲ್ಲ. ನಮ್ಮ ಜನರ ರಕ್ಷಣೆಗೆ..."

"ನಮ್ಮ ಜನ ಅಂದ್ರೆ ಯಾರು? ಏಳು ಗಂಟೆಯವ್ರಾ? ಇವತ್ತು ಅವ್ರು ನಮ್ಮವ್ರಲ್ಲ ಅಂತ ಬರೀತೀಯ. ನಾಳೆ ಲೈನಿನವ್ರು ನಮ್ಮವ್ರಲ್ಲ ಅಂತೀಯ. ಕಡೆಗೆ ನಮ್ಮವ್ರು ಅಂತ ಆ ಬೋರ್ಡಿನಲ್ಲಿ ನಿನ್ನ ಹೆಸರೊಂದೇ ಉಳೀತದೆ. ಆಗ ಯಾರನ್ನ ಕೂಗ್ತೀಯ?"

ಬೋರ್ಡು ಬರೆಸಲಿಲ್ಲ. ಬೇಡವೆಂದು ಯಾರೂ ತೀರ್ಮಾನಿಸಲಿಲ್ಲ, ಎದ್ದು ಮನೆಗೆ ಹೋದರು ಅಷ್ಟೆ.

ಆ ಸೆಪ್ಟೆಂಬರ್ ಎಂಟರಂದು ಪೂಜೆ ಮುಗಿದು ತೆನೆ ಹಂಚಿಯಾದ ಮೇಲೆ ಬುಟ್ಟಿಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಆ ವರ್ಷ ಬಾಯಮ್ಮ ಬೇಕೆಂದೇ ಹೆಚ್ಚು ಕೊಯ್ಯಿಸಿದ್ದರು. ಅರುಳ್‌ಮೇರಿಯ ತಲೆಯ ಮೇಲೆ ಬುಟ್ಟಿ ಇಡಿಸಿ, ಕೋಲು ಊರಿಕೊಂಡು, ಮಳೆಯಲ್ಲೇ ಗೇಟು ದಾಟಿ ಆಲ್ದೂರು ರಸ್ತೆ ಹಿಡಿದರು. ಹಿಂದೆ ಫಾದರ್ ಹೊರಟರು, ನಾನು ಹೊರಟೆ. ಆಮೇಲೆ ಲೈನಿನವರು, ಕೊಂಕಣಿಯವರಲ್ಲೂ ಹಲವರು. ಗುರ್ಕಾರರ ಹೆಂಡತಿ ಬಂದರು. ಗುರ್ಕಾರರು ಗೇಟಿನ ಒಳಗೇ ನಿಂತರು.

ಪ್ರಾರ್ಥನಾ ಮನೆಯ ಕಿಟಕಿಗಳಿಗೆ ಗೊಬ್ಬರದ ಚೀಲ ಹೊಡೆದಿದ್ದರು. ಹಣೆಗೆ ಬಟ್ಟೆ ಕಟ್ಟಿಕೊಂಡ ಉಪದೇಶಿ ಬಾಗಿಲಿಗೆ ಬಂದವರು ಅಷ್ಟು ಜನರನ್ನು ನೋಡಿ ಮೊದಲು ಹೆದರಿದರು. ಬಾಯಮ್ಮ ಒಂದು ತೆನೆ ಎತ್ತಿ ಅವರ ಕೈಯಲ್ಲಿಟ್ಟು, "ನೀವು ಬರ್ಲಿಲ್ಲ, ನಾವೇ ಬಂದ್ವಿ. ಈಗ ಹೇಳಿ ಥ್ಯಾಂಕ್ಸು" ಎಂದರು. ಉಪದೇಶಿ ಪ್ರಾರ್ಥನೆ ಶುರು ಮಾಡಿ, ಮಧ್ಯದಲ್ಲಿ ನಿಲ್ಲಿಸಿ ಕೈಯಲ್ಲಿದ್ದ ತೆನೆಯನ್ನೇ ನೋಡತೊಡಗಿದರು. ಫಾದರ್ ಅದನ್ನು ಮುಂದುವರಿಸಿ ಮುಗಿಸಿದರು. ಒಬ್ಬರು ಶುರು ಮಾಡಿದ್ದನ್ನು ಇನ್ನೊಬ್ಬರು ಮುಗಿಸಿದ ಪ್ರಾರ್ಥನೆ ನಾನು ಕೇಳಿದ್ದು ಅದೊಂದೇ. ಐಕ್ಯತೆಯ ಮೇಲೆ ಎಷ್ಟೋ ಪ್ರಸಂಗ ಕೇಳಿದ್ದೇನೆ. ಯಾವುದೂ ನೆನಪಿಲ್ಲ.

ಮುಂದಿನ ಕಾಫಿ ಕುಯ್ಲಿನ ಹೊತ್ತಿಗೆ ಬಾಯಮ್ಮ ತೀರಿಕೊಂಡರು. ಹಾಸಿಗೆ ಹಿಡಿದು ಹೆಚ್ಚು ದಿನ ಮಲಗಲಿಲ್ಲ. ಮಣ್ಣಿಗೆ ಎಲ್ಲರೂ ಬಂದಿದ್ದರು. ಗುರ್ಕಾರರು ಭಾಷಣ ಮಾಡಿ ಕಣ್ಣೊರೆಸಿಕೊಂಡರು. ಗದ್ದೆ ಗಂಡನ ಅಣ್ಣನ ಮಗನಿಗೆ ಹೋಯಿತು, ಅವನು ಅದನ್ನು ಗುರ್ಕಾರರಿಗೇ ಮಾರಿದ. ಈಗ ಅಲ್ಲಿ ಶುಂಠಿ. ನಮ್ಮ ಒಳ್ಳೆಯ ಫಾದರಿಗೆ ವರ್ಗವಾಯಿತು. 'ಭಾಷೆಯ ಅನುಕೂಲಕ್ಕಾಗಿ' ಮತ್ತೆ ಏಳು ಗಂಟೆಗೊಂದು, ಹನ್ನೊಂದು ಗಂಟೆಗೊಂದು ಪೂಜೆ ಶುರುವಾಯಿತು. ಅನುಕೂಲ! ಆ ಶಬ್ದ ಕೇಳಿದರೆ ನನಗೆ ಮೈ ಉರಿಯುತ್ತದೆ. ಯಾರಿಗೂ ಜಗಳವಿಲ್ಲ, ದ್ವೇಷವಿಲ್ಲ, ಬರೀ ಅನುಕೂಲ. ಹೀಗೆ ಅನುಕೂಲಕ್ಕೆಂದೇ ರತ್ನಗಂಬಳಿಯನ್ನು ಮತ್ತೆ ಸುತ್ತತೊಡಗಿದರು.

ಈ ವರ್ಷದ ಹಬ್ಬ ಮೊನ್ನೆ ಆಯಿತು. ಏಳು ಗಂಟೆಯ ಪೂಜೆಯಲ್ಲಿ ಸ್ಮರಣ ಸಂಚಿಕೆ ಬಿಡುಗಡೆ, ಆಮೇಲೆ ಸನ್ಮಾನ, ಭಾಷಣ. ಹಾಡಿಸಬೇಕಾದ್ದರಿಂದ ನಾನೂ ಇದ್ದೆ. ತೆನೆ ಕರಾವಳಿಯಿಂದ ಬಸ್ಸಿನಲ್ಲಿ ಬಂದಿತ್ತು, ಒಂದೊಂದು ಮನೆಗೆ ಒಂದೊಂದು ಪ್ಲಾಸ್ಟಿಕ್ ಕವರು. ಕವರಿನ ಮೇಲೆ ಬಾಯಮ್ಮನ ಫೋಟೋ. ಅವರು ನಗುವ ಫೋಟೋ ಎಲ್ಲೂ ಸಿಗದೆ, ತುಟಿಯನ್ನು ಸ್ವಲ್ಪ ತಿದ್ದಿಸಿದ್ದರು. ಏಳು ಗಂಟೆಯವರ ಕವರಿನ ಮೇಲೆ ನಗುತ್ತಿರುವ ಬಾಯಮ್ಮ! ನನಗೆ ಅದನ್ನು ಹರಿದು ಹಾಕಬೇಕೆನಿಸಿತು.

ಭಾಷಣಗಳೆಲ್ಲ ಮುಗಿಯುವಷ್ಟರಲ್ಲಿ ಹನ್ನೊಂದಾಗುತ್ತ ಬಂದಿತ್ತು. ಏಳು ಗಂಟೆಯವರು ಹೊರಗೆ ಬರುವುದಕ್ಕೂ ಹನ್ನೊಂದು ಗಂಟೆಯವರು ಬಾವುಟ ಹಿಡಿದು ಬರುವುದಕ್ಕೂ ಸರಿಯಾಯಿತು. ಗೇಟಿನಲ್ಲಿ ಅರುಳ್‌ಮೇರಿ ನಿಂತಿದ್ದಳು. ಅವಳಿಗೂ ಈಗ ಕೂದಲು ಬೆಳ್ಳಗಾಗಿದೆ. ಕೈಯಲ್ಲಿ ಬಾಯಮ್ಮನ ಬುಟ್ಟಿ, ಬುಟ್ಟಿಯಲ್ಲಿ ತೆನೆ. ಹೆಚ್ಚೇನಿಲ್ಲ. ಇಟ್ಟುಕೊಂಡಿದ್ದ ಬೀಜವನ್ನು ಲೈನ್ ಮನೆಗಳ ಹಿಂದೆ, ನಲ್ಲಿಯ ನೀರು ಹರಿದುಹೋಗುವ ಜಾಗದಲ್ಲಿ ವರ್ಷ ವರ್ಷವೂ ಸ್ವಲ್ಪ ಹಾಕಿ ಉಳಿಸಿಕೊಂಡು ಬೆಳೆದದ್ದಂತೆ. ಒಳಗೆ ಹೋಗುವವರಿಗೂ ಹೊರಗೆ ಬರುವವರಿಗೂ ಒಂದೊಂದು ಕೊಡುತ್ತಿದ್ದಳು. ಉಪದೇಶಿಯೂ ತಮ್ಮ ಜನರ ಜೊತೆ ಬಂದು ರಸ್ತೆಯಲ್ಲಿ ಕೊಡೆ ಹಿಡಿದು ನಿಂತಿದ್ದರು, ಅವರಿಗೂ ಕೊಟ್ಟಳು. ಗೇಟಿನಲ್ಲಿ ಎರಡೂ ಕಡೆಯ ಜನ ಸಿಕ್ಕಿಕೊಂಡು ಸ್ವಲ್ಪ ಹೊತ್ತು ಯಾರು ಯಾವ ಗಂಟೆಯವರೆಂದು ತಿಳಿಯದಂತಾಯಿತು.

ಗುರ್ಕಾರರು ಸಂಚಿಕೆಗಳ ಕಟ್ಟನ್ನು ಅಪ್ಪಿಕೊಂಡು ಬಂದರು. ಬುಟ್ಟಿಯನ್ನು ನೋಡಿ ನಿಂತರು. "ನಮಗೆ ಆಗ್ಲೇ ಸಿಕ್ಕಿದೆ ಕಣಮ್ಮ" ಎಂದರು.

"ಅದು ಘಟ್ಟದ ಕೆಳಗಿಂದು ಸಾಹುಕಾರ್ರೆ. ಇದು ಬಾಯಮ್ಮಂದು."

ಕೊಡಬೇಡ ಎಂದು ನನಗೆ ಕೂಗಬೇಕೆನಿಸಿತು. ಇದು ಕುಟುಂಬಗಳಿಗೆ, ನಿಮ್ದು ಯಾವ ಗಂಟೆ ಎಂದು ಕೇಳು, ನಗುತ್ತಲೇ ಕೇಳು ಎಂದು ಹೇಳಬೇಕೆನಿಸಿತು. ಅವಳು ಕೇಳಲಿಲ್ಲ. ತೆನೆ ಹಿಡಿದುಕೊಂಡು ಕಾದಳು. ಗುರ್ಕಾರರ ಎರಡೂ ಕೈಯಲ್ಲಿ ಕಟ್ಟು, ನೆಲವೆಲ್ಲ ಕೆಸರು. ಅವರು ಆಚೀಚೆ ನೋಡಿ, ಕಟ್ಟನ್ನು ನನ್ನ ಕೈಗೆ ಕೊಟ್ಟು, "ಸ್ವಲ್ಪ ಹಿಡ್ಕೊಳ್ಳಿ ಮೇಷ್ಟ್ರೆ" ಎಂದರು. ಎರಡೂ ಕೈ ಒಡ್ಡಿ ತೆಗೆದುಕೊಂಡರು. ಈ ಸಲ ಅವಳ ಮುಖ ನೋಡಿದರು. ತೆನೆಯನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು ಹೋಗಿ ಜೀಪು ಹತ್ತಿದರು. ಕಟ್ಟನ್ನು ನನ್ನ ಕೈಯಲ್ಲೇ ಮರೆತರು.

ಹನ್ನೊಂದರ ಗಂಟೆ ಹೊಡೆಯಿತು. ಒಳಗೆ ಹೋಗುವವರು ಒಳಗೆ ಹೋದರು, ಹೊರಗೆ ಹೋಗುವವರು ಹೊರಗೆ. ಏನೂ ಬದಲಾಗಲಿಲ್ಲ ಎಂದು ಸಿಟ್ಟಿನಲ್ಲಿ ನಿಂತಿದ್ದೆ. ಅರುಳ್‌ಮೇರಿ ಇದ್ದಕ್ಕಿದ್ದಂತೆ ತಲೆಗೆ ಕೈಯಿಟ್ಟುಕೊಂಡಳು.

"ಅಯ್ಯೋ ಮೇಷ್ಟ್ರೆ, ಬೀಜಕ್ಕಿಡಿ ಅಂತ ಸಾಹುಕಾರ್ರಿಗೆ ಹೇಳೋದೇ ಮರ್ತೆ. ನಂಗೆ ಕೂಗೋಕೆ ಆಗೋದಿಲ್ಲ. ನೀವು ಕೂಗಿ!"

ಜೀಪು ಆಗಲೇ ಹೊರಟಿತ್ತು. ನಾನು ಆ ಕಟ್ಟನ್ನು ಕೆಸರಿನಲ್ಲಿ ಇಟ್ಟು ರಸ್ತೆಗಿಳಿದು ಓಡಿದೆ. ಅಷ್ಟು ವರ್ಷದ ಸಿಟ್ಟೆಲ್ಲ ಗಂಟಲಿಗೆ ಬಂದಿತ್ತು. ಆ ದನಿ ನನ್ನದೋ ಬಾಯಮ್ಮನದೋ ಎಂದು ನನಗೇ ತಿಳಿಯದ ಹಾಗೆ ಕೂಗಿದೆ:

"ಪೂರ್ತಿ ತಿನ್ಬೇಡಿ! ನಾಲ್ಕು ಕಾಳು ಬೀಜಕ್ಕಿಡಿ!"